ಬ್ಲಾಸ್ಟ್ ಆಯಿತು, ಗ್ಯಾಸ್ ಏಕೆ ಬರುತ್ತಿಲ್ಲ? ಕಲ್ಲಿದ್ದಲು ಪದರದ ಗ್ಯಾಸ್ ಡ್ರೈನೇಜಿನಲ್ಲಿ ದೋಷ ಹುಡುಕುವ ಬಗೆ

ಸಂಡೂರು, ದೋಣಿಮಲೈ, ಹಟ್ಟಿಯ ಅದಿರಿನ ಗಣಿಗಳ ಕಡೆ ಮದ್ದಿನ (ಸ್ಫೋಟಕದ) ಕೆಲಸ ಕಲಿತು ಆಮೇಲೆ ಕಲ್ಲಿದ್ದಲು ಗಣಿಗೆ ಹೋದವರಿಗಾಗಿ ಈ ಬರಹ. ಕಲ್ಲಿದ್ದಲಿನಲ್ಲಿ ಮೀಥೇನ್ ಎಂಬ ಸಿಡಿಯುವ ಗ್ಯಾಸ್ ಇರುತ್ತದೆ; ಪದರಕ್ಕೆ ಹೋಲ್ (ಉದ್ದನೆಯ ತೂತು) ಕೊರೆದು ಪೈಪು, ಪಂಪಿನಿಂದ ಅದನ್ನು ಎಳೆದು ತೆಗೆಯುವುದೇ ಗ್ಯಾಸ್ ಡ್ರೈನೇಜ್. ಬಳ್ಳಾರಿ, ರಾಯಚೂರು, ಕೊಪ್ಪಳದ ನೆಲದಲ್ಲಿ ಕಲ್ಲಿದ್ದಲಿಲ್ಲ. ನಮಗೆ ಕಲ್ಲಿದ್ದಲು ಅಂದರೆ ಶಕ್ತಿನಗರಕ್ಕೋ ಕುಡತಿನಿಗೋ ವ್ಯಾಗನ್‌ನಲ್ಲಿ ಬಂದು ಬೀಳುವ ಮಾಲು. ಅದು ನೆಲದೊಳಗೆ ಪದರವಾಗಿದ್ದಾಗ ಹೇಗಿರುತ್ತದೆ, ಮೀಥೇನ್ ಅದರಲ್ಲಿ ಹೇಗೆ ಕೂತಿರುತ್ತದೆ ಎಂಬುದು ಅದಿರಿನ ಗಣಿಯ ಅನುಭವದಿಂದ ತಿಳಿಯುವುದಿಲ್ಲ. ಹಾಗಾಗಿ ಗ್ಯಾಸ್ ತೆಗೆಯಲೆಂದು ಮಾಡಿದ ಬ್ಲಾಸ್ಟ್ ಫಲ ಕೊಡದಿದ್ದರೆ ನಮ್ಮವರಿಗೆ ಮೊದಲು ನೆನಪಾಗುವುದು ಮದ್ದೇ. ಮದ್ದು ಸಾಲಲಿಲ್ಲ, ಇನ್ನೊಂದು ಶಾಟ್ ಹೊಡೆಯೋಣ ಎನ್ನುತ್ತಾರೆ. ನಾನು ಹೇಳುವುದು ಇದಕ್ಕೆ ತದ್ವಿರುದ್ಧ. ದೋಷವನ್ನು ಪೈಪಿನ ಕಡೆಯಿಂದ ಹುಡುಕುತ್ತ ಒಳಕ್ಕೆ ಹೋಗಬೇಕು. ಎರಡನೇ ಬ್ಲಾಸ್ಟಿನ ಮಾತು ಎಲ್ಲ ಮುಗಿದ ಮೇಲೆ.

ಈ ಬ್ಲಾಸ್ಟಿನ ಕೆಲಸವೇ ಬೇರೆ

ಕಲ್ಲಿದ್ದಲಿನೊಳಗಿನ ಮೀಥೇನಿನಲ್ಲಿ ಬಹುಪಾಲು ಸಂದುಗಳಲ್ಲಿ ಸುಮ್ಮನೆ ತುಂಬಿಕೊಂಡಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಗೋಡೆಗೆ ಅಂಟಿಕೊಂಡಿರುತ್ತದೆ. ಸುತ್ತಲಿನ ಒತ್ತಡ ಇಳಿದಾಗ ಮಾತ್ರ ಅದು ಗೋಡೆ ಬಿಟ್ಟು ಏಳುತ್ತದೆ, ಬಹಳ ನಿಧಾನವಾಗಿ ಹತ್ತಿರದ ಸೀಳಿನ ತನಕ ಹರಿದು ಬರುತ್ತದೆ, ಅಲ್ಲಿಂದ ಹೋಲಿಗೆ ಸೇರುತ್ತದೆ. ಸೀಳುಗಳು ಕಡಿಮೆ ಇದ್ದರೆ, ಇದ್ದವೂ ಆಳದ ಭಾರಕ್ಕೆ ಮುಚ್ಚಿಕೊಂಡಿದ್ದರೆ, ಎಷ್ಟೇ ಜೋರಾಗಿ ಪಂಪಿನಿಂದ ಎಳೆದರೂ ಗ್ಯಾಸ್ ಬರುವುದಿಲ್ಲ. ಇಂಥ ಪದರದಲ್ಲಿ ಹೊಸ ಸೀಳು ಮಾಡುವುದಕ್ಕೇ ನಿಯಂತ್ರಿತ ಬ್ಲಾಸ್ಟ್. ಮಧ್ಯದ ಒಂದು ಉದ್ದನೆಯ ಹೋಲಿಗೆ ಮದ್ದು ತುಂಬುತ್ತಾರೆ, ಅಕ್ಕಪಕ್ಕದ ಹೋಲುಗಳನ್ನು ಖಾಲಿ ಬಿಡುತ್ತಾರೆ. ಈ ಖಾಲಿ ಹೋಲುಗಳಿಗೆ ಕಂಟ್ರೋಲ್ ಹೋಲ್ ಎನ್ನುವುದು. ಬ್ಲಾಸ್ಟಿನ ಹೊಡೆತಕ್ಕೆ ಅವು ಬಿಡುವು ಕೊಡುತ್ತವೆ, ಸೀಳನ್ನು ತಮ್ಮ ಕಡೆಗೆ ಎಳೆಯುತ್ತವೆ, ಬಳಿಕ ಗ್ಯಾಸ್ ಎಳೆಯುವ ಹೋಲುಗಳಾಗಿಯೂ ದುಡಿಯುತ್ತವೆ. ಚೀನಾದ ಹುವೈನಾನ್‌ನಂಥ ಕಡೆ ಈ ವಿಧಾನ ಬಹಳ ಬಳಕೆಯಲ್ಲಿದೆ. ನಮ್ಮ ದೇಶದಲ್ಲಿ ಇಂಥದ್ದೇನೇ ಮಾಡುವುದಿದ್ದರೂ ಡಿಜಿಎಂಎಸ್ (ಕೇಂದ್ರ ಸರ್ಕಾರದ ಗಣಿ ಸುರಕ್ಷತಾ ನಿರ್ದೇಶನಾಲಯ) ಅನುಮತಿ ಕೈಯಲ್ಲಿರಬೇಕು.

ಸಂಡೂರಿನ ಬೆಂಚಿನಲ್ಲಿ (ತೆರೆದ ಗಣಿಯ ಮೆಟ್ಟಿಲಿನಲ್ಲಿ) ಶಾಟ್ ಹೇಗಾಯಿತೆಂದು ತಿಳಿಯಲು ಬಿದ್ದ ಮಾಲನ್ನು ನೋಡಿದರೆ ಸಾಕು. ದೊಡ್ಡ ಬಂಡೆ ಉಳಿದಿದೆಯೇ, ಬುಡ ಕಿತ್ತಿದೆಯೇ, ಎಷ್ಟು ದೂರ ಹಾರಿದೆ, ಎಲ್ಲ ಕಣ್ಣೆದುರಿಗೇ ಇರುತ್ತದೆ. ಹಟ್ಟಿಯ ಸ್ಟೋಪಿನಲ್ಲೂ (ನೆಲದೊಳಗೆ ಅದಿರು ಕಡಿಯುವ ಜಾಗದಲ್ಲೂ) ಅಷ್ಟೇ. ಡ್ರೈನೇಜ್ ಬ್ಲಾಸ್ಟಿನಲ್ಲಿ ಮಾಲು ಬೀಳುವುದಿಲ್ಲ, ಬೀಳಲೂಬಾರದು. ಇಲ್ಲಿ ಕಣ್ಣಿಗೆ ಸಿಗುವುದು ಮೀಟರಿನ ಅಂಕಿಗಳು ಮಾತ್ರ. ಆ ಅಂಕಿಗಳನ್ನು ಓದಲು ಬರದಿದ್ದರೆ ಸಪ್ಪಳ ಕೇಳಿ ತೀರ್ಪು ಕೊಡುವ ಹಳೇ ಅಭ್ಯಾಸಕ್ಕೆ ಬೀಳುತ್ತೇವೆ.

ಮೊದಲ ಪ್ರಶ್ನೆ: ಪ್ಯೂರಿಟಿ (ಬರುವ ಗ್ಯಾಸಿನಲ್ಲಿ ಮೀಥೇನ್ ಪಾಲು) ಎಷ್ಟು?

ಲಿಂಗಸುಗೂರಿನ ಕಡೆಯ ಹುಡುಗನೊಬ್ಬ ಕಲ್ಲಿದ್ದಲು ಗಣಿಯಿಂದ ಫೋನ್ ಮಾಡಿದ್ದ.

"ಅಣ್ಣಾರ, ಶಾಟ್ ಚೊಲೋ ಆಗೈತ್ರಿ, ಸಪ್ಪಳಾನೂ ಚೊಲೋ ಬಂತು. ಮೀಟರಿನ್ಯಾಗ ಹರಿವು ಡಬ್ಬಲ್ ತೋರಿಸ್ತೈತಿ. ಆದ್ರ ಮ್ಯಾಲಿನವ್ರು ಗ್ಯಾಸ್ ಬರವಲ್ದು ಅಂತಾರ್ರೀ."

"ತಡಿ ತಮ್ಮಾ. ಮೀಥೇನ್ ಪರ್ಸೆಂಟ್ ಎಷ್ಟೈತಿ?"

"ಅದನ್ನ ನೋಡಿಲ್ರೀ."

ದೋಷ ಇದ್ದದ್ದು ಅಲ್ಲೇ. ಹರಿವಿನ ಮೀಟರಿಗೆ ಮೀಥೇನೂ ಒಂದೇ, ಗ್ಯಾಲರಿಯ (ಗಣಿಯೊಳಗಿನ ಸುರಂಗದಾರಿಯ) ಗಾಳಿಯೂ ಒಂದೇ. ಲೆಕ್ಕ ಹೀಗೆ ಮಾಡಿ: ಬ್ಲಾಸ್ಟಿಗೆ ಮೊದಲು ಒಂದು ಗುಂಪಿನ ಹೋಲುಗಳಿಂದ ನಿಮಿಷಕ್ಕೆ 0.4 ಘನ ಮೀಟರ್ ಬರುತ್ತಿತ್ತು, ಅದರಲ್ಲಿ ಮೀಥೇನ್ ಶೇ. 55 ಇತ್ತು ಅಂದುಕೊಳ್ಳಿ. ಶುದ್ಧ ಮೀಥೇನ್ 0.22 ಘನ ಮೀಟರ್ ಆಯಿತು. ಬ್ಲಾಸ್ಟ್ ಆದ ಮೇಲೆ 0.9 ಘನ ಮೀಟರ್ ಬರುತ್ತಿದೆ, ಆದರೆ ಮೀಥೇನ್ ಶೇ. 24. ಗುಣಿಸಿ ನೋಡಿದರೆ ಮತ್ತೆ 0.22ರ ಆಸುಪಾಸೇ. ಹರಿವು ದುಪ್ಪಟ್ಟಿಗಿಂತ ಹೆಚ್ಚಾದರೂ ಕಲ್ಲಿದ್ದಲಿನಿಂದ ಒಂದು ಗುಟುಕು ಗ್ಯಾಸೂ ಹೆಚ್ಚಿಗೆ ಬಂದಿಲ್ಲ. ಹೆಚ್ಚಾದದ್ದೆಲ್ಲ ಗಾಳಿ.

ಇದು ಬರೀ ಲೆಕ್ಕದ ಮಾತಲ್ಲ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರ ನಡುವೆ ಇದ್ದರೆ ಸಿಡಿಯುತ್ತದೆ. ಡ್ರೈನೇಜ್ ಪೈಪಿನಲ್ಲಿ ಮೀಥೇನ್ ಶೇ. 30ಕ್ಕಿಂತ ಕೆಳಗಿಳಿಯಬಾರದು ಎಂದು ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಮಾರ್ಗದರ್ಶಿಯೂ ಹೇಳುವುದು ಇದಕ್ಕೇ, ಸಿಡಿಯುವ ಮೇಲ್ಮಿತಿಯ ಎರಡರಷ್ಟು ಅಂತರ ಇರಲಿ ಎಂದು. ಶೇ. 24 ತೋರಿಸುವ ಲೈನಿನಲ್ಲಿ ಪಂಪಿನ ಸಕ್ಷನ್ (ಎಳೆತ) ಏರಿಸಿದರೆ ಇನ್ನಷ್ಟು ಗಾಳಿ ಬಂದು ಅಂಕಿ ಸಿಡಿಯುವ ಮಟ್ಟದ ಕಡೆಗೇ ಜಾರುತ್ತದೆ. ಆದ್ದರಿಂದ ಪ್ಯೂರಿಟಿ ಇಳಿದಿದೆ ಎಂದು ಗೊತ್ತಾದ ಕೂಡಲೇ ಆ ಹೋಲಿನ ವಾಲ್ವನ್ನು ಕಿರಿದು ಮಾಡಿ, ಮೇಲಿನವರಿಗೆ ತಿಳಿಸಿ, ಆಮೇಲೆ ಹುಡುಕಾಟ ಶುರು ಮಾಡಬೇಕು.

ಗಾಳಿ ಎಲ್ಲಿಂದ ನುಗ್ಗುತ್ತಿದೆ?

ನಾನು ಕಂಡಂತೆ, ಬ್ಲಾಸ್ಟ್ ಫೇಲಾಯಿತು ಎಂದು ದೂರುವ ಹೆಚ್ಚಿನ ಕಡೆ ನಿಜವಾಗಿ ಫೇಲಾಗಿರುವುದು ಹೋಲಿನ ಬಾಯಿಯ ಸೀಲು. ಆದ್ದರಿಂದ ಈ ಭಾಗಕ್ಕೆ ಸಮಯ ಕೊಡಿ.

ವಾಲ್ವ್ ಕಿರಿದು ಮಾಡಿದಾಗ ಏನಾಯಿತು ನೋಡಿ. ಸಕ್ಷನ್ ಇಳಿಸಿದಾಗ ಮೀಥೇನ್ ಶೇಕಡಾ ಏರಿ, ಶುದ್ಧ ಮೀಥೇನಿನ ಮೊತ್ತ ಮೊದಲಿನಷ್ಟೇ ಉಳಿದರೆ ಸೋರಿಕೆ ಖಾತ್ರಿ. ಮುಂದೆ ವಾಲ್ವನ್ನು ಪೂರ್ತಿ ಮುಚ್ಚಿ ಹೋಲಿನ ಕಡೆಯ ಗೇಜ್ ನೋಡಿ. ಸೀಲು ಗಟ್ಟಿ ಇದ್ದು ಒಳಗೆ ಗ್ಯಾಸೂ ಇದ್ದರೆ ಒತ್ತಡ ನಿಧಾನಕ್ಕೆ ಏರುತ್ತದೆ. ಮುಳ್ಳು ತಟ್ಟನೆ ಸೊನ್ನೆಗೆ ಬಂದು ಅಲ್ಲೇ ನಿಂತರೆ ಹೋಲಿನ ಒಳಗು ಗ್ಯಾಲರಿಯ ಗಾಳಿಯ ಜೊತೆ ಮಾತಾಡುತ್ತಿದೆ ಎಂದೇ ಅರ್ಥ.

ಜಾಗ ಪತ್ತೆ ಮಾಡಲು ಸಾಮಾನ್ಯವಾಗಿ ಎಲ್ಲರೂ ಸೋಪಿನ ನೀರು ಹಚ್ಚುತ್ತಾರೆ. ಗ್ಯಾಸ್ ಹೊರಗೆ ಬರುತ್ತಿದ್ದರೆ ಗುಳ್ಳೆ ಏಳುತ್ತದೆ, ಸರಿ. ಆದರೆ ಲೈನಿನಲ್ಲಿ ಸಕ್ಷನ್ ಇರುವಾಗ ಸೋರಿಕೆ ಒಳಮುಖ. ಸೋಪಿನ ನೀರನ್ನು ಅದು ಒಳಗೆ ಎಳೆದುಕೊಳ್ಳುತ್ತದೆಯೇ ಹೊರತು ಗುಳ್ಳೆ ಕೊಡುವುದಿಲ್ಲ, ನೋಡಿದವರು ಲೀಕಿಲ್ಲ ಎಂದು ಬರೆದುಬಿಡುತ್ತಾರೆ. ವಾಲ್ವ್ ಮುಚ್ಚಿ ಒತ್ತಡ ಏರಿದಾಗ ಸೋಪಿನ ನೀರು ಹಚ್ಚಿ. ಸಕ್ಷನ್ ಇರುವಾಗ ಗಾಳಿಯ ದಿಕ್ಕು ನೋಡುವ ಸ್ಮೋಕ್ ಟ್ಯೂಬನ್ನು ಹೋಲಿನ ಬಾಯಿ, ಹೋಸ್ ಜಾಯಿಂಟು, ಸುತ್ತಲಿನ ಕಲ್ಲಿದ್ದಲಿನ ಬಿರುಕುಗಳ ಹತ್ತಿರ ಹಿಡಿದು ನೋಡಿ. ಹೊಗೆಯ ಎಳೆ ಎಲ್ಲಿ ಒಳಕ್ಕೆ ಬಾಗುತ್ತದೋ ಅಲ್ಲೇ ಸೋರಿಕೆ. ಬೆಂಕಿಕಡ್ಡಿ, ಊದುಬತ್ತಿ, ಲೈಟರ್ ಯಾವುದೂ ಗಣಿಯೊಳಗೆ ಬರಕೂಡದು. 1965ರಲ್ಲಿ ಈಗಿನ ಜಾರ್ಖಂಡಿನ ಧೋರಿ ಕಲ್ಲಿದ್ದಲು ಗಣಿಯಲ್ಲಿ ಆದ ಸ್ಫೋಟ ನೂರಾರು ಜನರ ಪ್ರಾಣ ತೆಗೆದದ್ದು ಮರೆಯುವಂಥದ್ದಲ್ಲ.

ಜಾಯಿಂಟಿನಲ್ಲಿ ಸಿಕ್ಕರೆ ಸುಲಭ. ಶಾಟಿನ ಅದುರಿಗೆ ಕ್ಲ್ಯಾಂಪ್ ಸಡಿಲಾಗಿರುತ್ತದೆ, ಇಲ್ಲವೇ ವಾಟರ್ ಟ್ರಾಪ್ (ಲೈನಿನ ನೀರು ಹಿಡಿಯುವ ಪಾತ್ರೆ) ಒಣಗಿರುತ್ತದೆ. ಗ್ರೌಟಿನಲ್ಲಿ (ಸೀಲಿಗೆ ಒತ್ತಿದ ಗಾರೆಯಲ್ಲಿ) ಸಿಕ್ಕರೆ ಹೋಲಿನ ಬಾಯಲ್ಲಿ ಕೂರಿಸಿದ ಸ್ಟ್ಯಾಂಡ್‌ಪೈಪಿನ ಸುತ್ತ ಮತ್ತೆ ಗ್ರೌಟ್ ಒತ್ತಬೇಕು. ಹೊಗೆ ಕಲ್ಲಿದ್ದಲಿನ ಮೈಯ ಬಿರುಕಿನೊಳಗೇ ಹೋಗುತ್ತಿದ್ದರೆ ಮಾತು ಗಂಭೀರ. ಗ್ಯಾಲರಿ ಕಡಿದಾಗಲೇ ಅದರ ಸುತ್ತಲಿನ ಕಲ್ಲಿದ್ದಲು ಸಡಿಲಗೊಂಡು ಒಡೆದಿರುತ್ತದೆ. ಸೀಲು ಆ ಸಡಿಲ ಭಾಗವನ್ನು ದಾಟಿ ಗಟ್ಟಿ ಕಲ್ಲಿದ್ದಲಿನೊಳಗೆ ಹೋಗಿರಬೇಕು, ಮದ್ದು ಅದಕ್ಕಿಂತಲೂ ಸಾಕಷ್ಟು ಒಳಗಿನಿಂದ ಶುರುವಾಗಿರಬೇಕು. ಮದ್ದಿನ ಸಾಲು ಬಾಯಿಯ ಹತ್ತಿರಕ್ಕೆ ಬಂದಿದ್ದರೆ ಬ್ಲಾಸ್ಟಿನ ಸೀಳುಗಳು ಗ್ಯಾಲರಿಯ ಬಿರುಕುಗಳ ಜೊತೆ ಕೂಡಿ ಗಾಳಿಗೆ ದಾರಿ ಮಾಡಿಕೊಟ್ಟಿರುತ್ತವೆ. ಇಂಥ ಜಾಗದಲ್ಲಿ ಎರಡನೇ ಶಾಟ್ ಹೊಡೆದರೆ ಆ ದಾರಿ ಇನ್ನೂ ಅಗಲವಾಗುತ್ತದೆ, ಅಷ್ಟೇ.

ಆಕ್ಸಿಜನ್ ಹೇಳುವ ಮಾತು

ಪೈಪಿನ ಸ್ಯಾಂಪಲ್ ಲ್ಯಾಬಿಗೆ ಕಳಿಸುವಾಗ ಮೀಥೇನ್ ಒಂದನ್ನೇ ಕೇಳಬೇಡಿ. ಆಕ್ಸಿಜನ್, ನೈಟ್ರೋಜನ್, ಕಾರ್ಬನ್ ಮಾನಾಕ್ಸೈಡ್ ಮೂರೂ ಬೇಕು. ಮೀಥೇನ್ ಶೇ. 24 ಇದ್ದು ಉಳಿದ 76 ತಾಜಾ ಗಾಳಿಯೇ ಆಗಿದ್ದರೆ ಆಕ್ಸಿಜನ್ ಶೇ. 16ರ ಹತ್ತಿರ ಇರಬೇಕು. ಅಷ್ಟಿದ್ದರೆ ಗಾಳಿ ಹತ್ತಿರದಿಂದಲೇ, ಜಾಯಿಂಟಿನಿಂದಲೋ ಸೀಲಿನಿಂದಲೋ ನೇರ ಬರುತ್ತಿದೆ. ಆಕ್ಸಿಜನ್ ಶೇ. 3 ಅಥವಾ 4ಕ್ಕೆ ಇಳಿದು ನೈಟ್ರೋಜನ್ ಮಾತ್ರ ಹೆಚ್ಚಿದ್ದರೆ ಗಾಳಿ ಒಡೆದ ಕಲ್ಲಿದ್ದಲಿನೊಳಗೆ ಬಹಳ ದೂರ ಹಾದು ಬರುತ್ತಿದೆ, ಅದರ ಆಕ್ಸಿಜನ್ನನ್ನು ದಾರಿಯಲ್ಲಿ ಕಲ್ಲಿದ್ದಲು ನುಂಗುತ್ತಿದೆ. ಕಲ್ಲಿದ್ದಲು ತಾನಾಗಿ ಬಿಸಿಯಾಗಲು ಬೇಕಾದ್ದು ಇದೇ.

ಆಗ ಕಾರ್ಬನ್ ಮಾನಾಕ್ಸೈಡ್ ನೋಡಬೇಕು. ಮದ್ದು ಸಿಡಿದಾಗಲೂ ಅದು ಹುಟ್ಟುವುದರಿಂದ ಮೊದಲ ದಿನದ ಅಂಕಿ ಕಂಡು ಹೆದರಬೇಕಿಲ್ಲ. ಮದ್ದಿನ ಹೊಗೆಯದ್ದಾದರೆ ದಿನದಿನಕ್ಕೆ ಇಳಿಯುತ್ತ ಹೋಗುತ್ತದೆ. ಇಳಿಯದೆ ನಿಂತರೆ, ಅದಕ್ಕಿಂತ ಮುಖ್ಯವಾಗಿ ಇಳಿದದ್ದು ಮತ್ತೆ ಏರತೊಡಗಿದರೆ, ಒಳಗೆ ಕಾವು ಏಳುತ್ತಿದೆ. ಆ ಹೋಲಿನ ಸಕ್ಷನ್ ನಿಲ್ಲಿಸಿ ಮ್ಯಾನೇಜರಿಗೂ ವೆಂಟಿಲೇಷನ್ ಆಫೀಸರಿಗೂ ಅದೇ ಪಾಳಿಯಲ್ಲಿ ತಿಳಿಸಬೇಕು. ಬೆಳಗಿನ ತನಕ ಕಾಯುವ ವಿಷಯ ಅಲ್ಲ ಇದು.

ಇದೇ ಕಾರ್ಬನ್ ಮಾನಾಕ್ಸೈಡ್ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಬ್ಲಾಸ್ಟ್ ಆದ ಮೇಲೆ ಪಕ್ಕದ ಕಂಟ್ರೋಲ್ ಹೋಲುಗಳ ಸ್ಯಾಂಪಲ್‌ನಲ್ಲಿ ಅದು ಕಾಣಿಸಿದರೆ ಮದ್ದಿನ ಹೋಲಿನಿಂದ ಅಲ್ಲಿಯ ತನಕ ಸೀಳು ಕೂಡಿದೆ ಎಂದಾಯಿತು. ಯಾವ ಕಂಟ್ರೋಲ್ ಹೋಲಿಗೆ ಬಂತು, ಯಾವುದಕ್ಕೆ ಬರಲಿಲ್ಲ ಎಂದು ಪ್ಲಾನಿನ ಮೇಲೆ ಗುರುತು ಹಾಕಿ. ಕಣ್ಣಿಗೆ ಕಾಣದ ಸೀಳಿನ ನಕ್ಷೆ ಅಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಗುವುದಿಲ್ಲ.

ಪ್ಯೂರಿಟಿ ಚೆನ್ನಾಗಿದೆ, ಹರಿವೇ ಇಲ್ಲ

ಇದು ಕಟ್ಟಿಕೊಂಡಿರುವ ಲಕ್ಷಣ. ಹೋಲಿನ ಬಾಯಲ್ಲಿ ಸಕ್ಷನ್ ಅಳೆಯಿರಿ. ಮುಖ್ಯ ಲೈನಿನಲ್ಲಿ ಇರುವಷ್ಟೇ ಸಕ್ಷನ್ ಬಾಯಲ್ಲೂ ಇದ್ದು ಹರಿವು ಇಲ್ಲದಿದ್ದರೆ ಹೋಲಿನ ಒಳಗೆ ಕಟ್ಟಿದೆ. ಬಾಯಲ್ಲಿ ಸಕ್ಷನ್ನೇ ಇಲ್ಲದಿದ್ದರೆ ಪೈಪಿನಲ್ಲಿ ಕಟ್ಟಿದೆ. ಮ್ಯಾನೋಮೀಟರಿನ (ಒತ್ತಡ ಅಳೆಯುವ ನೀರಿನ ಕೊಳವೆಯ) ನೀರು ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡುತ್ತಿದ್ದರೆ, ಹೋಸಿಗೆ ಕಿವಿ ಇಟ್ಟಾಗ ಗುಳುಗುಳು ಕೇಳಿದರೆ, ಹೋಸ್ ಜೋತುಬಿದ್ದ ಕಡೆ ನೀರು ನಿಂತಿದೆ. ಎತ್ತಿ ಕಟ್ಟಿ, ಟ್ರಾಪ್ ಖಾಲಿ ಮಾಡಿ. ಹೋಲಿನೊಳಗೆ ಪುಡಿ ಕುಸಿದಿದ್ದರೆ ಕಂಟ್ರೋಲ್ ಹೋಲನ್ನು ತೊಳೆದು ತೂತಿರುವ ಲೈನರ್ ಪೈಪ್ ಇಳಿಸಬೇಕು. ಮದ್ದು ತುಂಬಿದ್ದ ಹೋಲಿಗೆ ಮಾತ್ರ ರಾಡಾಗಲಿ ನೀರಿನ ಜೆಟ್ಟಾಗಲಿ ಕಳಿಸಬೇಡಿ, ಅದರಲ್ಲಿ ಸಿಡಿಯದ ಮದ್ದು ಉಳಿದಿಲ್ಲ ಎಂದು ಶಾಟ್‌ಫೈರರ್ (ಮದ್ದು ಸಿಡಿಸುವ ಅಧಿಕಾರ ಪಡೆದವರು) ಬರೆದು ಕೊಡುವ ತನಕ.

ಮದ್ದು ಪೂರ್ತಿ ಸಿಡಿಯಿತೇ?

ಸೀಲು ಸರಿ, ಪೈಪ್ ಸರಿ, ಕಂಟ್ರೋಲ್ ಹೋಲುಗಳಲ್ಲಿ ಮಾತ್ರ ಮಾನಾಕ್ಸೈಡಿನ ಸುಳಿವೇ ಇಲ್ಲ ಅಂದರೆ ಈ ಪ್ರಶ್ನೆ ಏಳುತ್ತದೆ. ಉದ್ದನೆಯ ಹೋಲಿನಲ್ಲಿ ಅರ್ಧ ಸಿಡಿದು ಅರ್ಧ ಉಳಿಯುವುದು ಅಪರೂಪವಲ್ಲ, ಹೊರಗಿನ ಸಪ್ಪಳದಿಂದ ಅದು ಗೊತ್ತಾಗುವುದೂ ಇಲ್ಲ. ಒಂದು ಕಾರಣ ನಮ್ಮ ಕಡೆಯವರಿಗೆ ಅಷ್ಟಾಗಿ ಪರಿಚಯವಿಲ್ಲದ್ದು: ತೋಟೆಗೂ (ಉದ್ದನೆಯ ಮದ್ದಿನ ಪೊಟ್ಟಣಕ್ಕೂ) ಹೋಲಿನ ಗೋಡೆಗೂ ನಡುವೆ ಉದ್ದಕ್ಕೂ ಸಂದು ಉಳಿದಿದ್ದರೆ ಸ್ಫೋಟದ ಗಾಳಿಯ ಹೊಡೆತ ಆ ಸಂದಿನಲ್ಲಿ ಮದ್ದಿಗಿಂತ ಮುಂದೆ ಓಡುತ್ತದೆ, ಮುಂದಿನ ತೋಟೆಗಳನ್ನು ಅದುಮಿ ಮಂಕು ಮಾಡಿಬಿಡುತ್ತದೆ. ಆಮೇಲೆ ಸ್ಫೋಟ ಅಲ್ಲಿಗೆ ಬಂದರೂ ಅವು ಸಿಡಿಯುವುದಿಲ್ಲ. ತೋಟೆಗಳ ನಡುವೆ ಕಲ್ಲಿದ್ದಲಿನ ಪುಡಿ ಸೇರಿಕೊಂಡರೂ, ನೀರು ಕುಡಿದರೂ ಫಲ ಅದೇ.

ಮಿಸ್‌ಫೈರಿನ (ಮದ್ದು ಸಿಡಿಯದೆ ಉಳಿದಿರುವ) ಅನುಮಾನ ಬಂದ ಕ್ಷಣದಿಂದ ಇದು ಗ್ಯಾಸಿನ ಕೆಲಸ ಅಲ್ಲ, ಮದ್ದಿನ ಕೆಲಸ. ಕಾಯಬೇಕಾದಷ್ಟು ಹೊತ್ತು ಕಾಯುವುದು, ಬೇಲಿ ಹಾಕುವುದು, ಯಾರು ಹೋಗಬೇಕು ಎಂಬುದು ಎಲ್ಲ 2017ರ ಕಲ್ಲಿದ್ದಲು ಗಣಿ ನಿಯಮಗಳ ಪ್ರಕಾರ. ಸಂಡೂರು, ಹಟ್ಟಿಯಲ್ಲಿ ನಾವು ಪಾಲಿಸುವುದು 1961ರ ಲೋಹ ಗಣಿ ನಿಯಮಗಳನ್ನು. ಆ ಬ್ಲಾಸ್ಟರ್ ಸರ್ಟಿಫಿಕೇಟ್ ಹಿಡಿದು ಕಲ್ಲಿದ್ದಲಿನಲ್ಲಿ ಶಾಟ್ ಹೊಡೆಯುವ ಹಾಗಿಲ್ಲ. ಬೆಂಚಿನಲ್ಲಿ ತುಂಬುವ ಅಮೋನಿಯಂ ನೈಟ್ರೇಟ್-ಡೀಸೆಲ್ ಮಿಶ್ರಣಕ್ಕೂ ಅಲ್ಯೂಮಿನಿಯಂ ಕೇಪಿಗೂ (ಮದ್ದು ಹೊತ್ತಿಸುವ ಡೆಟೊನೇಟರಿಗೂ) ಗ್ಯಾಸಿನ ಗಣಿಯೊಳಗೆ ಜಾಗವಿಲ್ಲ. ಅಲ್ಲಿ ಪರ್ಮಿಟೆಡ್ ಮದ್ದು (ಗ್ಯಾಸಿರುವ ಗಣಿಗೆಂದೇ ಒಪ್ಪಿದ ಮದ್ದು), ತಾಮ್ರದ ಕೇಪು.

ಹೋಲ್ ಅಂದುಕೊಂಡ ಕಡೆಗೆ ಹೋಗಿದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿ. ಒಂದೇ ಡಿಗ್ರಿ ತಪ್ಪಿದರೂ 60 ಮೀಟರ್ ಆಳದಲ್ಲಿ ಒಂದು ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ, ಮೂರು ಡಿಗ್ರಿಗೆ ಮೂರು ಮೀಟರ್ ದಾಟುತ್ತದೆ. ರಾಡಿನ ಭಾರಕ್ಕೆ ತುದಿ ಬಾಗಿ ಹೋಲ್ ಪದರ ಬಿಟ್ಟು ಕೆಳಗಿನ ಶೇಲಿಗೆ (ಜೇಡಿಗಲ್ಲಿಗೆ) ಇಳಿದಿದ್ದರೆ ಮದ್ದು ಸಿಡಿದದ್ದು ಕಲ್ಲಿದ್ದಲಿನಲ್ಲೇ ಅಲ್ಲ. ಡ್ರಿಲ್ಲರ್ ಬರೆದಿಟ್ಟ ಪುಡಿಯ ಬಣ್ಣದ ವಿವರ ಇಲ್ಲಿ ಬೆಲೆಬಾಳುತ್ತದೆ. ಎಷ್ಟನೇ ಮೀಟರಿನಿಂದ ಕಪ್ಪು ಹೋಗಿ ಬೂದು ಬಂತು ಎಂದು ಅವರನ್ನೇ ಕೂರಿಸಿಕೊಂಡು ಕೇಳಿ.

ಎಲ್ಲ ಸರಿಯಿದ್ದೂ ಬರದಿದ್ದರೆ

ಇನ್ನು ಉಳಿದದ್ದು ಕಲ್ಲಿದ್ದಲಿನ ಗುಣ. ಬೆರಳಲ್ಲಿ ಒತ್ತಿದರೆ ಪುಡಿಯಾಗುವಂಥ ಮೆತ್ತನೆಯ ಕಲ್ಲಿದ್ದಲಿನಲ್ಲಿ ಬ್ಲಾಸ್ಟ್ ಕೆಲವೊಮ್ಮೆ ಉಲ್ಟಾ ಫಲ ಕೊಡುತ್ತದೆ. ಹಸಿ ಜೇಡಿಗೆ ಗೂಟ ಹೊಡೆದು ಕಿತ್ತರೆ ತೂತಿನ ಸುತ್ತಲಿನ ಮಣ್ಣು ಮೊದಲಿಗಿಂತ ಗಟ್ಟಿ ಆಗುತ್ತದಲ್ಲ, ಹಾಗೆ ಹೋಲಿನ ಸುತ್ತ ಅದುಮಿದ ಪುಡಿಯ ಒಂದು ಚಿಪ್ಪು ಕಟ್ಟುತ್ತದೆ. ಆಚೆ ಸೀಳುಗಳು ಇದ್ದರೂ ಗ್ಯಾಸ್ ಈ ಚಿಪ್ಪು ದಾಟಿ ಬರಲಾರದು. ಗಟ್ಟಿ ಬಂಡೆಯಲ್ಲಿ ಪುಡಿಯಾಗುವ ಭಾಗ ಹೋಲಿನ ಮೈಗೆ ಹತ್ತಿದಷ್ಟಕ್ಕೇ ಮುಗಿದು ಸೀಳುಗಳು ಹೋಲಿನ ತ್ರಿಜ್ಯದ ಹತ್ತು ಹದಿನೈದು ಪಟ್ಟಿನ ತನಕ ಹರಡುವುದುಂಟು. ಮೆತ್ತನೆಯದರಲ್ಲಿ ಮದ್ದಿನ ಶಕ್ತಿ ಪುಡಿ ಮಾಡುವುದರಲ್ಲೇ ಖರ್ಚಾಗುತ್ತದೆ. ಇದರ ಗುರುತು: ಮದ್ದಿನ ಹೋಲಿನಲ್ಲಿ ಗ್ಯಾಸ್ ಇಲ್ಲ, ಅದೇ ಕಂಟ್ರೋಲ್ ಹೋಲುಗಳಲ್ಲಿ ಸ್ವಲ್ಪ ಏರಿದೆ. ಹಾಗಿದ್ದರೆ ಬ್ಲಾಸ್ಟ್ ತನ್ನ ಕೆಲಸ ಮಾಡಿದೆ, ಕಂಟ್ರೋಲ್ ಹೋಲುಗಳಿಂದಲೇ ಎಳೆಯಿರಿ. ಮದ್ದು ಹೆಚ್ಚಿಸಿದರೆ ಚಿಪ್ಪು ದಪ್ಪವಾಗುತ್ತದೆ.

ಇನ್ನೊಂದು ಬಗೆಯಲ್ಲಿ ಮೊದಲ ದಿನಗಳಲ್ಲಿ ಚೆನ್ನಾಗಿ ಬಂದು ಆಮೇಲೆ ಕುಸಿಯುತ್ತದೆ. ಸೀಳಿನಲ್ಲಿ ಬಿಡುವಾಗಿದ್ದ ಗ್ಯಾಸ್ ಖಾಲಿಯಾಗಿದೆ, ಆಳದ ಒತ್ತಡಕ್ಕೆ ಸೀಳು ಮತ್ತೆ ಮುಚ್ಚಿದೆ. ಬ್ಲಾಸ್ಟ್ ಮಾಡಿದ ಸೀಳಿನಲ್ಲಿ ಅದನ್ನು ತೆರೆದಿಡುವ ಮರಳಿನ ಕಾಳು ಏನೂ ಇರುವುದಿಲ್ಲ, ಹೈಡ್ರಾಲಿಕ್ ಫ್ರ್ಯಾಕ್ಚರಿಂಗಿಗೂ (ನೀರಿನ ಒತ್ತಡದಿಂದ ಸೀಳು ಮಾಡುವುದಕ್ಕೂ) ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಈ ತೀರ್ಮಾನಕ್ಕೆ ಬರುವ ಮೊದಲು ಬ್ಲಾಸ್ಟಿನಿಂದ ದೂರ ಇರುವ ಎರಡು ಮೂರು ಹೋಲುಗಳ ಅಂಕಿಯನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಅವೂ ಅದೇ ದಿನ ಕುಸಿದಿದ್ದರೆ ದೋಷ ಪಂಪಿನದ್ದು. ಅವೂ ಏರಿದ್ದರೆ, ಏರಿಕೆಯ ಹೆಮ್ಮೆ ಬ್ಲಾಸ್ಟಿಗೆ ಸೇರಬೇಕಾದ್ದಲ್ಲ. ಫೇಸ್ (ಕಲ್ಲಿದ್ದಲು ಕಡಿಯುತ್ತಿರುವ ಮುಖ) ಹತ್ತಿರ ಬರುತ್ತಿದ್ದಂತೆ ಕಲ್ಲಿದ್ದಲು ತಾನೇ ಸಡಿಲಾಗಿ ಗ್ಯಾಸ್ ಬಿಡುತ್ತದೆ.

ಹುಡುಕಾಟ ಬಿಟ್ಟು ಹೊರಗೆ ಬರಬೇಕಾದ ಸೂಚನೆಗಳೂ ಇವೆ. ಡ್ರಿಲ್ ಮಾಡುವಾಗ ರಾಡ್ ಕಚ್ಚಿಕೊಳ್ಳುವುದು, ಹೋಲಿನ ಅಳತೆಗೆ ಮೀರಿ ಪುಡಿ ಬರುವುದು, ಹೋಲಿನಿಂದ ಗ್ಯಾಸ್ ಬುಸ್ಸೆಂದು ಪುಡಿಯನ್ನು ಉಗುಳುವುದು, ಕಲ್ಲಿದ್ದಲಿನೊಳಗೆ ಚಟಪಟ ಸದ್ದು. ಇವು ಔಟ್‌ಬರ್ಸ್ಟಿನ (ಕಲ್ಲಿದ್ದಲೂ ಗ್ಯಾಸೂ ಒಮ್ಮೆಲೇ ಹೊರಕ್ಕೆ ಚಿಮ್ಮುವುದರ) ಮುನ್ಸೂಚನೆ. ಚೀನಾದ ನಿಯಮಗಳಲ್ಲಿ ಪದರದ ಗ್ಯಾಸ್ ಒತ್ತಡ 0.74 ಮೆಗಾಪ್ಯಾಸ್ಕಲ್ ಮುಟ್ಟಿತೆಂದರೆ ಅದನ್ನು ಅಪಾಯದ ಪದರವೆಂದೇ ನೋಡುತ್ತಾರೆ. ಗ್ಯಾಲರಿಯ ಗಾಳಿಯಲ್ಲಿ ಮೀಥೇನ್ ಶೇ. 1.25 ದಾಟಿದರೆ ನಮ್ಮ ನಿಯಮದಂತೆ ಕರೆಂಟ್ ಕಡಿಯಬೇಕು, ಆಮೇಲೆ ಯಾವ ಮೀಟರನ್ನೂ ಓದುತ್ತ ಅಲ್ಲಿ ನಿಲ್ಲಬಾರದು.

ಎರಡನೇ ಬ್ಲಾಸ್ಟಿಗೆ ಅನುಮತಿ ಕೇಳುವುದೇ ಆದರೆ ಅರ್ಜಿಯ ಜೊತೆ ಇಷ್ಟು ಹಾಳೆ ಇರಲಿ: ಪ್ರತಿ ಹೋಲಿನ ದಿನವಹಿ ಹರಿವು, ಮೀಥೇನ್ ಶೇಕಡಾ, ಎರಡನ್ನೂ ಗುಣಿಸಿದ ಶುದ್ಧ ಮೀಥೇನ್; ಬ್ಲಾಸ್ಟಿಗೆ ಮೊದಲಿನ ಕನಿಷ್ಠ ಒಂದು ವಾರದ್ದು, ನಂತರದ್ದು ಅಷ್ಟೇ ದಿನದ್ದು. ವಾಲ್ವ್ ಮುಚ್ಚಿ ನೋಡಿದ ಒತ್ತಡದ ಅಂಕಿ. ಆಕ್ಸಿಜನ್, ಮಾನಾಕ್ಸೈಡ್ ರಿಪೋರ್ಟು. ಹೋಲ್ ಸರ್ವೆ. ಬ್ಲಾಸ್ಟ್ ಮಾಡದ ಹೋಲುಗಳ ಅಂಕಿ. ಹೊಸ ಶಾಟಿನಲ್ಲಿ ಮದ್ದು ಬಾಯಿಯಿಂದ ಎಷ್ಟು ಮೀಟರ್ ಒಳಗಿನಿಂದ ಶುರುವಾಗುತ್ತದೆ, ಸೀಲು ಎಲ್ಲಿಯ ತನಕ ಹೋಗುತ್ತದೆ ಎಂಬ ಒಂದು ಅಡ್ಡಸೀಳು ಚಿತ್ರ. ಇದರಲ್ಲಿ ಯಾವುದಾದರೂ ಹಾಳೆ ತುಂಬಲು ಆಗದಿದ್ದರೆ ಅರ್ಜಿ ಕೆಳಗಿಟ್ಟು ಆ ಹಾಳೆಯ ಅಳತೆಗೆ ಮತ್ತೆ ಗಣಿಗೆ ಇಳಿಯಿರಿ.